ಕರೀಹಾಸಿನ ಮೇಲೆ ಕೆಂಪು ನೀರು

ಗಳಗನಾಥದ ಅಂಬಿಗರ ಓಣಿಯಲ್ಲಿ ಬಲೆ ಬೀಸುವವರು ಮನೆಗೊಬ್ಬರಾದರೂ ಇದ್ದರು. ಗರಿಗಾಳ ಎಸೆಯುವುದರಲ್ಲಿ ಕೈ ಪಳಗಿದವನು ಮಾತ್ರ ಗುಡದಪ್ಪ ಒಬ್ಬನೇ. ಹುಂಜದ ಕೊರಳಿನ ಸಣ್ಣ ಗರಿಯನ್ನು ಗಾಳದ ಮುಳ್ಳಿಗೆ ಸುತ್ತಿ, ಕೆಂಪು ನೂಲಿನಿಂದ ಸೊಂಟ ಬಿಗಿದರೆ ಅದು ಗರಿಯಾಗಿ ಉಳಿಯುತ್ತಿರಲಿಲ್ಲ, ರೆಕ್ಕೆ ನೆನೆದು ನೀರಿಗೆ ಬಿದ್ದ ಹುಳವಾಗುತ್ತಿತ್ತು. ಜೇನುಮೇಣ ತಿಕ್ಕಿದ ಹತ್ತಿಯ ಹುರಿ, ಅದರ ತುದಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ತಂಗೂಸಿ ದಾರ, ದಾರದ ತುದಿಗೆ ಈ ಹುಳ. ಬಿದಿರ ಗಳವನ್ನು ತಲೆಯ ಮೇಲೆ ಹಿಂದಕ್ಕೆ ಮುಂದಕ್ಕೆ ಆಡಿಸಿ ಅವನು ಕೈ ಬಿಟ್ಟನೆಂದರೆ, ಹುಳ ಹೋಗಿ ಮೀನಿನ ಮೂಗಿನ ಮುಂದೆ ಸದ್ದಿಲ್ಲದೆ ಕೂರುತ್ತಿತ್ತು. ಇದನ್ನು ಯಾರೂ ಅವನನ್ನು ಕೂರಿಸಿಕೊಂಡು ಕಲಿಸಿದ್ದಲ್ಲ. ಅಪ್ಪ ಎಸೆಯುವುದನ್ನು ದಂಡೆಯ ಮೇಲೆ ನಿಂತು ನೋಡಿ ನೋಡಿ ಕೈಗೆ ಇಳಿಸಿಕೊಂಡದ್ದು.

ಆ ಗಾಳಕ್ಕೆ ತಕ್ಕ ಜಾಗವೂ ಒಂದೇ. ಬೇಸಿಗೆಯಲ್ಲಿ ತುಂಗಭದ್ರೆ ಸೊರಗಿ, ವರದೆ ಪೂರಾ ಮಲಗಿಬಿಟ್ಟಾಗ, ಎರಡೂ ಕೂಡುವಲ್ಲೇ ಹೊಳೆಯ ನಡುವೆ ಒಂದು ಕರೀಬಂಡೆ ಕಣದಂತೆ ಅಗಲವಾಗಿ ಮೈ ಚಾಚಿಕೊಳ್ಳುತ್ತದೆ. ಅದಕ್ಕೆ ಕರೀಹಾಸು ಎನ್ನುತ್ತಾರೆ. ಅದರ ಮೇಲೆ ನೀರು ಹಿಮ್ಮಡಿ ಮುಳುಗುವಷ್ಟು, ಹೆಚ್ಚೆಂದರೆ ಮೊಳಕಾಲುದ್ದ. ಬಂಡೆಗೆ ಹತ್ತಿದ ಪಾಚಿ ಮೇಯಲು ಗೆಂಡೆ ಮೀನುಗಳು ಏರಿ ಬರುತ್ತವೆ. ತಲೆ ತಗ್ಗಿಸಿ ಮೇಯುವಾಗ ಅವುಗಳ ಬಾಲ ನೀರಿನಿಂದ ಹೊರಗೆ ಬಂದು ಬಿಸಿಲಿಗೆ ಮಿಣುಕುತ್ತದೆ. ಬಲೆ ಬೀಸಿದರೆ ಬಂಡೆಯ ಹಲ್ಲಿಗೆ ಸಿಕ್ಕು ಹರಿಯುತ್ತದೆ. ಹಿಟ್ಟಿನುಂಡೆ ಎಸೆದರೆ ಸಪ್ಪಳಕ್ಕೆ ಮೀನು ಚದರಿಹೋಗುತ್ತವೆ. ಬಾಲ ನೋಡಿ, ಮೀನು ಯಾವ ಕಡೆ ಮುಖ ಮಾಡಿದೆ ಎಂದು ಲೆಕ್ಕ ಹಾಕಿ, ಗರಿಹುಳ ಇಳಿಸಬೇಕು.

ಹಾಸು ಗುಡದಪ್ಪನ ಮನೆತನದ್ದು. ಅದಕ್ಕೆ ಕಾಗದವಿಲ್ಲ ಪತ್ರವಿಲ್ಲ, ಓಣಿಯ ಕಟ್ಟಳೆ ಇದೆ. ಮುಂಗಾರಿನ ಮಿರಗ ಮಳೆ ಕೂಡುವ ಮುನ್ನ ಹೊಳೆದೇವಿ ಗಂಗವ್ವನಿಗೆ ಉಡಿ ತುಂಬುವ ದಿನ, ಹಾಸು ಹಿಡಿದ ಮನೆಯವರು ಗಳದಿಂದ ಹಿಡಿದ ಮೀನೊಂದನ್ನು ತಾಮ್ರದ ಕೊಡದಲ್ಲಿ ಜೀವಂತ ತಂದು ಗಂಗವ್ವನ ಕಲ್ಲಿನ ಮುಂದಿಡಬೇಕು. ಪೂಜೆ ಮುಗಿದ ಮೇಲೆ ಅದನ್ನು ಮತ್ತೆ ಹೊಳೆಗೆ ಬಿಡುತ್ತಾರೆ. ಒಂದು ವರ್ಷ ಬರಿಗೊಡ ತಂದರೆ ಓಣಿ ಸುಮ್ಮನಿರುತ್ತದೆ. ಮರುವರ್ಷವೂ ಬರಿಗೊಡವೇ ಆದರೆ ಹಾಸು ಬೇರೆ ಮನೆಗೆ ಹೋಗುತ್ತದೆ.

ಹೋದ ಬೇಸಿಗೆ ಗುಡದಪ್ಪ ಬರಿಗೊಡ ತಂದಿದ್ದ.

ಮೀನಿಗೇನೂ ಬರವಿರಲಿಲ್ಲ. ಬರ ಅವನ ಕಣ್ಣಿಗೆ ಬಂದಿತ್ತು. ಎರಡೂ ಕಣ್ಣಿಗೆ ಪೊರೆ ಇಳಿದು, ಬಿಸಿಲಿನಲ್ಲಿ ನೋಡಿದರೆ ಹೊಳೆಯೆಲ್ಲ ಸುಣ್ಣದ ನೀರು ಚೆಲ್ಲಿದಂತೆ ಕಾಣುತ್ತಿತ್ತು. ಮನುಷ್ಯರನ್ನು ನಡಿಗೆಯಿಂದ, ಎಮ್ಮೆಗಳನ್ನು ಉಸಿರಿನಿಂದ ಗುರುತು ಹಿಡಿದು ದಿನ ದಬ್ಬುತ್ತಿದ್ದ. ಹೆಂಡತಿ ಮರಿಯವ್ವನಿಗೂ ಬಾಯಿ ಬಿಟ್ಟಿರಲಿಲ್ಲ. ಮುಳ್ಳಿಗೆ ಗರಿ ಸುತ್ತುವುದನ್ನು ಬೆರಳುಗಳೇ ಮಾಡುತ್ತಿದ್ದವು, ಎಸೆಯುವುದನ್ನು ತೋಳೇ ಮಾಡುತ್ತಿತ್ತು. ಬಾಲ ಕಾಣುವುದೊಂದು ಮಾತ್ರ ಯಾವ ಅಂಗದಿಂದಲೂ ಆಗುತ್ತಿರಲಿಲ್ಲ.

ಎರಡು ಸಾವಿರದ ಏಳನೆಯ ಇಸವಿಯ ಬೇಸಿಗೆಯಲ್ಲಿ ಉಡಿ ತುಂಬುವ ದಿನ ಬಂತು. ಬೆಳಗಾಗುತ್ತಲೇ ಗುಡದಪ್ಪ ಗಳ ಹಿಡಿದು, ಸೊಸೆ ಭುವನಾಳ ತಲೆಯ ಮೇಲೆ ತಾಮ್ರದ ಕೊಡ ಹೊರಿಸಿ ಹೊಳೆಗೆ ಹೊರಟ. ಕೊಡ ಹೊರುವ ಹೆಂಗಸು ದಂಡೆಯಲ್ಲೇ ನಿಲ್ಲುವುದು ವಾಡಿಕೆ. ಈ ಸಲ ಆಕೆ ಹಾಸಿನವರೆಗೂ ಬರಲಿ ಎಂದು ಅವನು ಅಂದಾಗ ಮರಿಯವ್ವ ಅವನ ಮುಖ ನೋಡಿದಳು.

ಭುವನಾ ಹೊಳೆಯ ಮಗಳಲ್ಲ. ತವರು ಮೋಟೆಬೆನ್ನೂರು. ಮದುವೆಗೆ ಮುಂಚೆ ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಆರಿಸುವ ಕೂಲಿಗೆ ಹೋಗುತ್ತಿದ್ದವಳು. ಗಂಡ ದುರುಗೇಶ, ಗುಡದಪ್ಪನ ಒಬ್ಬನೇ ಮಗ, ಉಸುಕಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಹೊಳೆಯ ಹೊಟ್ಟೆ ಬಗೆಯುವ ಕೆಲಸಕ್ಕೆ ಮಗ ಸೇರಿದ ದಿನದಿಂದ ಅಪ್ಪ ಅವನೊಡನೆ ಮಾತು ಬಿಟ್ಟಿದ್ದ. ಟ್ರ್ಯಾಕ್ಟರ್ ಗಾಲಿ ಹೂಳದಿರಲೆಂದು ಜಾಲಿಕಂಟಿ, ಗರಸುಮಣ್ಣು ಹಾಕಿ ಹೊಳೆಯೊಳಗೆ ಮಾಡಿದ್ದ ದಾರಿಯ ಮೇಲೆ ತನ್ನ ಕಾಲಿಡುವುದಿಲ್ಲ ಎಂದು ಓಣಿಯ ಕಟ್ಟೆಯ ಮೇಲೆ ಕೂತು ಸಾರಿದ್ದ.

ದಂಡೆಯ ಮೇಲೆ ಮಾಲತೇಶಪ್ಪ ಆಗಲೇ ಬಂದು ಕೂತಿದ್ದ. ಗುಡದಪ್ಪನ ವಾರಿಗೆಯವನು. ಎರಡು ವರ್ಷದಿಂದ ತನ್ನ ಹಿತ್ತಲಲ್ಲಿ ಗರಿಗಾಳ ಎಸೆಯುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದ. ಹಾಸು ಕೈತಪ್ಪಿದರೆ ಅದು ಹೋಗುವುದು ಅವನ ಮನೆಗೇ.

"ಏನಪಾ ಗುಡದಪ್ಪಾ, ಸೊಸಿನ್ನೂ ಕರಕೊಂಡ ಹೊಂಟಿ? ಮೀನ ಹಿಡಿಯಾಕೋ, ಅಲ್ಲೇ ಒಲಿ ಹೂಡಾಕೋ?"

"ಕೊಡ ಹೊರಾಕ ಬಂದಾಳ. ನೀ ಹೊರತೀ ಅಂದ್ರ ಆಕೀನ್ನ ಮನೀಗೆ ಕಳಸ್ತೇನಿ."

"ಹೊರತೇನಿ, ತಡಿ. ಬರೂ ವರ್ಷದಿಂದ ಹೆಂಗೂ ನಾನ ಹೊರೂದೈತಿ."

ಗುಡದಪ್ಪ ನೀರಿಗಿಳಿದ. ಇಳಿಯುವ ಮುನ್ನ ತುಂಗಭದ್ರೆಯ ಕಡೆ ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟ. ಮೇಲಿನ ಅಣೆಕಟ್ಟಿನಿಂದ ಯಾವ ಹೊತ್ತಿಗಾದರೂ ನೀರು ಬಿಡಬಹುದು. ಬಿಟ್ಟರೆ ಕಡ್ಡಿ ಮುಳುಗುತ್ತದೆ. ಆಗಾಗ ಅದನ್ನೊಂದು ನೋಡುತ್ತಿರು ಎಂದು ಭುವನಾಗೆ ಹೇಳಿದ. ವರದೆಯ ಕಡೆ ಯಾರೂ ಕಡ್ಡಿ ನೆಡುವುದಿಲ್ಲ. ಬೇಸಿಗೆಯ ವರದೆ ಅಲ್ಲಲ್ಲಿ ಮಡುಗಟ್ಟಿ ನಿಂತ ಹೊಳೆ. ಅದರ ಪಾತ್ರದಲ್ಲಿ ದನ ಮಲಗುತ್ತವೆ.

ಮೊಳಕಾಲುದ್ದ ನೀರಿನ ಕೆಳಗಿದ್ದ ಕಲ್ಲುಸಾಲನ್ನು ಪಾದದಿಂದಲೇ ಸವರುತ್ತ ಅವನು ಮುಂದೆ, ಅವಳು ಹಿಂದೆ.

"ಕಾಲ ಎತ್ತಿ ಇಡಬ್ಯಾಡ ತಂಗೀ, ಎಳಕೊಂತ ಬಾ. ಎತ್ತಿ ಇಟ್ರ ಮೀನಿಗೆ ಡೊಳ್ಳ ಬಡದಂಗ ಕೇಳತೈತಿ."

ಹಾಸು ಮುಟ್ಟಿದಾಗ ಬಿಸಿಲು ಏರಿತ್ತು. ನೀರು ಉಗುರುಬೆಚ್ಚಗಿತ್ತು. ಗುಡದಪ್ಪ ಗಳ ಬಿಚ್ಚಿ, ಹುರಿ ಸಡಿಲಿಸಿ, ಕಣ್ಣು ಕಿರಿದು ಮಾಡಿ ನೋಡಿದ. ಸುಣ್ಣದ ನೀರು. ಬರೀ ಸುಣ್ಣದ ನೀರು.

"ಹೇಳ ನೋಡೂಣು, ಎಲ್ಲೆಲ್ಲಿ ಬಾಲ ಅದಾವು? ನಿನ್ನ ಕಣ್ಣ ಎಷ್ಟ ಚುರುಕ ಅದಾವ ನೋಡೇ ಬಿಡೂಣು."

"ನಿಮ್ಮ ಬಲಗೈ ಕಡೆ ಒಂದ್ ಐತ್ರಿ ಮಾವಾರ. ನಾಕ್ ಮಾರ ದೂರ."

"ಮುಖ?"

"ಆ ಗುಂಡಗಲ್ಲಿನ ಕಡೆ ಐತ್ರಿ."

"ಶಾಬಾಸ್. ನನಗೂ ಅದ ಕಂಡಿತ್ತ."

ಎಸೆದ. ಹುಳ ಎಲ್ಲಿ ಬಿತ್ತೋ ಅವನಿಗೆ ಗೊತ್ತಾಗಲಿಲ್ಲ. ನೀರು ಸೀಳಿದ ಸಪ್ಪಳ ಕೇಳಿತು. ಮೀನು ಬೆದರಿ ಓಡಿದ್ದು. ಇನ್ನೊಂದು ಬಾಲ, ಇನ್ನೊಂದು ಎಸೆತ, ಮತ್ತೆ ಅದೇ ಸಪ್ಪಳ. ಆಕೆ ಹೇಳುವ ಮಾರು ಹೊಲದ ಮಾರು, ಇವನ ತೋಳಿನ ಮಾರಿಗೂ ಅದಕ್ಕೂ ತಾಳೆ ಬೀಳುತ್ತಿರಲಿಲ್ಲ. ಹೊತ್ತು ಏರುತ್ತ ಹೋಯಿತು. ಅಂಗೈ ಬೆವರಿ ಗಳ ಜಾರತೊಡಗಿತು. ದಂಡೆಯಿಂದ ಮಾಲತೇಶಪ್ಪನ ಕೆಮ್ಮು ಬೇಕೆಂದೇ ಕೆಮ್ಮಿದಂತೆ ಕೇಳಿಬರುತ್ತಿತ್ತು.

ಆಗ ಹೊಳೆ ನಿಂತಿತು.

ಕಾಲಿಗೆ ಒತ್ತುತ್ತಿದ್ದ ಸೆಳವು ಸಡಿಲಾಗುತ್ತ ಸಡಿಲಾಗುತ್ತ ಇಲ್ಲವೇ ಆಯಿತು. ಹಾಸಿನ ಮೇಲಿನ ನೀರು ಬಟ್ಟಲಲ್ಲಿ ಇಟ್ಟ ಹಾಲಿನಂತೆ ಅಲುಗದೆ ನಿಂತಿತು. ಭುವನಾ ಉಸಿರು ಎಳೆದುಕೊಂಡಳು.

"ಮಾವಾರ, ಎಲ್ಲಾ ಕಡೆ ಬಾಲ ಏಳಾಕತ್ತಾವ್ರಿ. ಕೆಳಗಿನ ಮಡುವಿನ್ಯಾಗಿಂದ ಹಿಂಡ ಹಿಂಡ ಏರಿ ಬರಾಕತ್ತಾವ."

ಗುಡದಪ್ಪನ ಎದೆ ಕುಣಿಯಿತು. ಇಂಥ ನಿಂತ ನೀರನ್ನು ಅವನು ಒಂದೆರಡು ಸಲ ಮಾತ್ರ ಕಂಡಿದ್ದ. ಗಂಗವ್ವ ತನ್ನ ಪಾಲಿಗೆ ಕಣ್ಣು ತೆರೆದಳು ಅಂದುಕೊಂಡ.

"ಕಡ್ಡಿ?"

"ಒಣಗೇ ಐತ್ರಿ. ಮುಳಗಿಲ್ಲ."

ಅಷ್ಟು ಸಾಕಾಯಿತು ಅವನಿಗೆ. ಹುರಿಯನ್ನು ಮೊದಲಿಗಿಂತ ಗಿಡ್ಡ ಬಿಟ್ಟು, ಆಕೆ ಹೇಳಿದ ಕಡೆಗೆ ಕೈ ಆಡಿಸಿದ.

"ಮಾವಾರ," ಎಂದಳು ಭುವನಾ, ದನಿ ಬದಲಾಗಿತ್ತು. "ನೀರಿಗೆ ಕೆಂಪ ಬಂದೈತ್ರಿ."

"ಎಲ್ಲಿ?"

"ವರದಾ ಕಡೆ ಅಂಚಿಗೆ. ಎಳಿ ಎಳಿಯಾಗಿ ಬರಾಕತ್ತೈತಿ."

ಅವನು ಅತ್ತ ತಿರುಗಿದ. ಅದೇ ಸುಣ್ಣ. ಕೆಂಪೂ ಇಲ್ಲ ಕಪ್ಪೂ ಇಲ್ಲ.

"ಕೆಂಪಿಲ್ಲ ಏನಿಲ್ಲ. ಬಿಸಿಲಿಗೆ ಪಾಚಿ ಹಂಗ ಕಾಣತೈತಿ. ಮೋಟೆಬೆನ್ನೂರಾಗ ಹೊಳಿ ಐತೇನ? ಹೊಳಿ ವಿಷಯ ನನಗ ಬಿಡು."

"ಹೊಳಿ ಇಲ್ರಿ. ಆದ್ರ ಕೆಂಪ ಯಾವ್ದು ಅಂತ ನನಗ ಗೊತ್ತೈತಿ. ಮೆಣಸಿನಕಾಯಿ ಆರಿಸಿದ ಕಣ್ಣದಾವು. ಇದು ಮಣ್ಣಿನ ಕೆಂಪ."

"ಬಾಲ ನೋಡಂದ್ರ ಬಣ್ಣ ನೋಡ್ತೀಯಲ್ಲ. ಬಾಲ ನೋಡು."

ಆಕೆ ಮತ್ತೆ ಬಾಲಗಳತ್ತ ತಿರುಗಿದಳು. ಅಷ್ಟರಲ್ಲಿ ಹುರಿ ಬಿಗಿಯಿತು.

ಕೈಗೆ ಬಂದ ಆ ಜಗ್ಗಿಗೆ ಗುಡದಪ್ಪನಿಗೆ ಹತ್ತು ವರ್ಷ ಕಡಿಮೆಯಾದಂತಾಯಿತು. ಮೀನು ದೊಡ್ಡದು. ಗಳ ಬಿಲ್ಲಾಗಿ ಬಾಗಿತು. ಅವನು ಹುರಿ ಬಿಡುತ್ತ, ಎಳೆಯುತ್ತ, ಅದು ಯಾವ ಕಡೆ ಓಡುತ್ತಿದೆ ಎಂದು ಕೂಗಿ ಕೂಗಿ ಕೇಳಿದ. ಪರೀಕ್ಷೆಯ ಸೋಗು ಎಲ್ಲ ಬಿದ್ದುಹೋಗಿತ್ತು. ಆಕೆ ಎಡಕ್ಕ, ಬಲಕ್ಕ, ಗುಂಡಗಲ್ಲಿನ ಹಿಂದ ಎನ್ನುತ್ತ ಕೊಡ ಬಗ್ಗಿಸಿ ಹಿಡಿದು ಹತ್ತಿರ ಬಂದಳು.

"ಮಾವಾರ, ನೀರ ಏರಾಕತ್ತೈತಿ. ಈಗ ನನ್ನ ಮೊಳಕಾಲ ಮುಳಗ್ಯಾವು. ಬಿಡ್ರಿ ಅದನ್ನ, ಹೋಗೂಣು."

"ಕಡ್ಡಿ ನೋಡು."

"ಕಡ್ಡಿ ಅಲ್ರಿ, ಕಾಲ ನೋಡ್ರಿ."

"ಇನ್ನ ಎರಡ ಮಾರ ಐತಿ. ಕೊಡ ಹಿಡಿ. ಇದು ತಪ್ಪಿದ್ರ ಹಾಸ ಹೋಗತೈತಿ, ತಿಳೀತೇನ? ನಮ್ಮಪ್ಪನ ಹಾಸ."

ಆ ಮಾತು ಮುಗಿಯುವ ಮುನ್ನವೇ ಎಡಗಾಲಿಗೆ ತಣ್ಣಗೆ ತಾಗಿತು.

ಬಲಗಾಲು ಇನ್ನೂ ಬೆಚ್ಚಗಿನ ನೀರಿನಲ್ಲಿತ್ತು. ಎಡಗಾಲಿಗೆ ಮಾತ್ರ ಬಾವಿಯಿಂದ ಆಗ ತಾನೇ ಸೇದಿದ ನೀರಿನಂಥ ತಂಪು. ಎಡಗಾಲು ವರದೆಯ ಕಡೆಗಿತ್ತು. ಬಿಸಿಲಿಗೆ ಕಾದ ಹೊಳೆಯಲ್ಲಿ ಹೀಗೆ ತಣ್ಣಗೆ ಬರುವುದು ಮಳೆಯ ನೀರೊಂದೇ. ಹಾನಗಲ್ಲ ಸೀಮೆಯಲ್ಲಿ ರಾತ್ರಿ ಮಳೆ ಹೊಯ್ದಿದೆ. ಹೊಳೆ ಯಾಕೆ ನಿಂತಿತು ಎಂಬುದೂ ಒಮ್ಮೆಲೇ ತಿಳಿಯಿತು. ವರದೆ ಅಡ್ಡ ಬಂದು ತುಂಗಭದ್ರೆಯನ್ನು ತಡೆದು ನಿಲ್ಲಿಸಿದೆ. ಕೆಸರಿಗೆ ಹೆದರಿ ಮೀನು ಹಾಸು ಏರಿವೆ. ಗಂಗವ್ವನ ಕೃಪೆ ಅಂದುಕೊಂಡದ್ದು ಹೊಳೆ ಮೈಮೇಲೆ ಬರುವ ಸೂಚನೆ. ಕೈಗೆ ಗಳ ಹತ್ತಿದ ಹುಡುಗನಿಗೂ ಹೊಳೆಯಲ್ಲಿ ಮೊದಲು ಹೇಳಿಕೊಡುವ ಮಾತು ಅದು. ಮೀನಿನ ಆಸೆಗೆ ಅದನ್ನೇ ಮರೆತಿದ್ದ.

ಗಳದ ತುದಿಯಲ್ಲಿ ಮೀನು ದಣಿದು ಒಂದು ಕಡೆಗೆ ವಾಲುತ್ತಿರುವುದು ಕೈಗೆ ಗೊತ್ತಾಗುತ್ತಿತ್ತು. ಇನ್ನೊಂದು ಗಳಿಗೆ ಸಾಕಿತ್ತು. ಗುಡದಪ್ಪ ತಂಗೂಸಿ ದಾರವನ್ನು ಮುಂಗೈಗೆ ಸುತ್ತಿ ಜಗ್ಗಿ ಹರಿದ. ದಾರ ಚರ್ಮ ಸೀಳಿತು.

"ನಡಿ ತಂಗೀ."

ಬಂದ ಕಲ್ಲುಸಾಲಿನ ಕಡೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನೀರು ತೊಡೆಗೆ ಬಂತು. ಸೆಳವು ಕಾಲು ಕೀಳತೊಡಗಿತು. ವರದೆ ಬಂದು ಬಡಿಯುತ್ತಿದ್ದುದು ನೇರ ಆ ಸಾಲಿಗೇ. ಭುವನಾಳ ಕೈಯಿಂದ ಕೊಡ ಜಾರಿ, ಬಂಡೆಗೆ ಒಂದು ಸಲ ಠಣಕ್ಕೆಂದು ತಾಗಿ, ಹೋಗಿಬಿಟ್ಟಿತು.

"ಇತ್ತಾಗ ಆಗಂಗಿಲ್ರಿ. ಟ್ರ್ಯಾಕ್ಟರ್ ದಾರಿ ಹಿಡಿಯೂಣು. ಹಾಸಿನ ಹಿಂದ ಮರಿಗೆ ಐತಿ, ಅಲ್ಲಿ ಸೆಳವ ಕಡಿಮಿ."

"ಅದರ ಆಜೂಬಾಜೂ ಉಸುಕ ತೆಗದ ಗುಂಡಿ ಅದಾವು. ಆಳು ಮುಳಗತೈತಿ."

"ಗುಂಡಿ ಎಲ್ಲಿ ಅದಾವ ನನಗ ಗೊತ್ತೈತಿ. ದಿನಾ ಇವರಿಗೆ ಬುತ್ತಿ ಒಯ್ತೇನಿ. ಬರ್ರಿ."

ಅವನು ನಿಂತೇ ಇದ್ದ. ಆ ದಾರಿಯ ಮೇಲೆ ಕಾಲಿಡುವುದಿಲ್ಲ ಎಂದಿದ್ದಕ್ಕಲ್ಲ. ಎತ್ತ ತಿರುಗಬೇಕೆಂದೇ ತಿಳಿಯದೆ. ನೀರು, ದಂಡೆ, ಬಾನು ಎಲ್ಲ ಒಂದೇ ಬಿಳುಪಾಗಿ ಸುತ್ತ ತಿರುಗುತ್ತಿತ್ತು.

"ನನಗ ಕಾಣಂಗಿಲ್ಲ ಯವ್ವಾ," ಎಂದ. "ಹೋದ ವರ್ಷದಿಂದ ಕಾಣಂಗಿಲ್ಲ."

ಆಕೆ ಅವನ ಕೈಯಿಂದ ಗಳದ ತುದಿ ಕಸಿದುಕೊಂಡಳು. ಬುಡ ಅವನ ಕೈಯಲ್ಲೇ ಉಳಿಯಿತು. ಸೀರೆಯ ನೆರಿಗೆ ಎತ್ತಿ ಕಚ್ಚೆಗೆ ಸಿಕ್ಕಿಸಿ ಮುಂದಾದಳು. ಗಳ ಜಗ್ಗಿದತ್ತ ಅವನು ಹೆಜ್ಜೆ ಇಟ್ಟ.

ಪಾದಕ್ಕೆ ಮೊದಲು ಜಾಲಿಕಂಟಿ ಚುಚ್ಚಿತು. ಆಮೇಲೆ ಗಡಸು ಗರಸು. ನೀರು ಸೊಂಟಕ್ಕೆ ಬಂತು, ಆದರೆ ನಿಲ್ಲಲು ನೆಲವಿತ್ತು. ಆಕೆ ಗಾಲಿಯ ಎರಡು ಜಾಡುಗಳಲ್ಲಿ ಒಂದನ್ನು ಕಾಲಿನಿಂದ ತಡಕಿ ಹಿಡಿದು, ಜಾಡು ಬಿಟ್ಟು ಬೆರಳಷ್ಟೂ ಆಚೆ ಈಚೆ ಹೋಗದೆ ನಡೆಯುತ್ತಿದ್ದಳು. ನಡುವೆ ಒಮ್ಮೆ ನಿಂತಳು. ಕಂಟಿ ಕೊಚ್ಚಿಹೋಗಿ ಜಾಡು ತುಂಡಾಗಿತ್ತು. ಗಳವನ್ನು ಅವನಿಂದ ಬಿಡಿಸಿಕೊಂಡು, ತಿರುವಿ ನೀರಿಗೆ ಇಳಿಬಿಟ್ಟು ಆಳ ನೋಡಿದಳು. ಒಂದು ಕಡೆ ಗಳ ಕೈಯುದ್ದಕ್ಕೂ ಇಳಿದುಹೋಯಿತು. ಇನ್ನೊಂದು ಕಡೆ ನೆಲಕ್ಕೆ ತಾಗಿತು. ಗಳ ಬಿಟ್ಟ ಗುಡದಪ್ಪ ಈಗ ಆಕೆಯ ಸೆರಗನ್ನು ಮುಷ್ಟಿಯಲ್ಲಿ ಬಿಗಿದು ಹಿಡಿದಿದ್ದ. ತಾನು ಜಾರಿದರೆ ಸೆರಗು ಬಿಡಬೇಕು, ಆಕೆಯನ್ನು ಎಳೆಯಬಾರದು ಎಂದು ಬೆರಳುಗಳಿಗೆ ಒಂದೊಂದಾಗಿ ಹೇಳಿಕೊಳ್ಳುತ್ತಿದ್ದ.

"ಬಲಗಾಲ ಮೊದಲ ಇಡ್ರಿ. ದೊಡ್ಡ ಹೆಜ್ಜಿ."

ಇಟ್ಟ. ಉಸುಕು ಹಿಮ್ಮಡಿಯ ಕೆಳಗಿಂದ ಸರಿಯಿತು, ಮತ್ತೆ ಗರಸು ಸಿಕ್ಕಿತು.

ದಂಡೆ ಹತ್ತಿರವಾದಾಗ ಯಾರೋ ನೀರು ಒದೆಯುತ್ತ ಎದುರು ಬಂದರು. ನಡಿಗೆಯಿಂದಲೇ ಅದು ಮಾಲತೇಶಪ್ಪ ಎಂದು ಗೊತ್ತಾಯಿತು. ಅವನು ಮೊದಲು ಭುವನಾಳನ್ನು ದಂಡೆಗೆ ಹತ್ತಿಸಿ, ಗುಡದಪ್ಪನ ಕಂಕುಳಿಗೆ ಕೈ ಹಾಕಿ ಎಳೆದುಕೊಂಡ. ಇಬ್ಬರೂ ಕೆಸರಿನಲ್ಲಿ ಕುಸಿದು ಕೂತರು. ಹಿಂದೆ ಹೊಳೆ ಕಸಕಡ್ಡಿ ಹೊತ್ತು ಭೋರ್ಗರೆಯುತ್ತಿತ್ತು. ಕರೀಹಾಸು ಇತ್ತೆಂಬ ಗುರುತೂ ಇರಲಿಲ್ಲ.

"ಹಿಡಿದಿದ್ದಿಯಲ್ಲ?" ಎಂದ ಮಾಲತೇಶಪ್ಪ ಏದುತ್ತ. "ಗಳ ಬಾಗಿದ್ದ ನೋಡೇನಿ."

"ಹಿಡಿದಿದ್ದೆ."

ಸಂಜೆ ಗಂಗವ್ವನ ಕಲ್ಲಿನ ಮುಂದೆ ಓಣಿ ಕೂಡಿತು. ಹೆಂಗಸರು ಉಡಿ ತುಂಬಿದ ಮೇಲೆ ಕೊಡದ ಮಾತು ಬಂತು. ಕೊಡವೇ ಇರಲಿಲ್ಲ. ಎಲ್ಲರೂ ಮಾಲತೇಶಪ್ಪನ ಮುಖ ನೋಡಿದರು, ಯಾಕೆಂದರೆ ಹಾಸು ಕೇಳಬೇಕಾದವನು ಅವನು. ಅವನು ಕೂತಲ್ಲಿಂದಲೇ ದನಿ ಎತ್ತಿದ.

"ಮೀನ ಗಾಳಕ್ಕ ಬಿದ್ದಿದ್ದ ನಾ ನನ್ನ ಕಣ್ಣಾರೆ ನೋಡೇನಿ. ಹೊಳಿ ಬಂತು, ಕೊಡ ಹೋತು. ಇದಕ್ಕ ಯಾರೇನ ಮಾಡಾಕಾಗತೈತಿ? ಮೀನ ತಂದಂಗ ಲೆಕ್ಕ ಹಿಡೀರಿ. ಹಾಸ ಗುಡದಪ್ಪಂದ ಇರಲಿ."

ಹೂಂ, ಹೌದು ಎಂಬ ದನಿಗಳು ಎದ್ದವು. ಮರಿಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುಡದಪ್ಪ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಹಾಸು ಅವನದೇ. ಬರುವ ಬೇಸಿಗೆ ಮತ್ತೆ ಅದೇ ಬಿಳುಪಿನಲ್ಲಿ, ಮತ್ತೆ ಈ ಹುಡುಗಿಯನ್ನು ಯಾವುದೋ ನೆವ ಹೇಳಿ ಹೊಳೆಯ ನಡುವೆ ನಿಲ್ಲಿಸಿಕೊಂಡು ಎಸೆಯಬೇಕು. ಮುಂಗೈಯ ಗಾಯ ಉರಿಯುತ್ತಿತ್ತು.

"ನಾ ಹಿಡದಿಲ್ಲ," ಎಂದ. "ಮೀನ ಕಂಡಿದ್ದು ಭುವನಾಗ. ನಾ ಬರೇ ಕೈ ಬೀಸೇನಿ. ನೀರ ಕೆಂಪಾಗೈತಿ ಅಂತ ಆಕಿ ಹೇಳಿದ್ಲು, ಇಲ್ಲ ಅಂದೆ. ಯಾಕಂದ್ರ ನನಗ ಕೆಂಪ ಕಾಣಂಗಿಲ್ಲ. ಬಾಲಾನೂ ಕಾಣಂಗಿಲ್ಲ. ಎರಡೂ ಕಣ್ಣ ಹೋಗ್ಯಾವು. ಆಕೀನ ಇವತ್ತ ನಾ ಕೊಲ್ಲಾಕ ಒಯ್ದಂಗ ಆಗಿತ್ತ."

ಗುಂಪಿನ ಹಿಂದಿನಿಂದ ಯಾರೋ ಎದ್ದು ಬಂದು ಅವನ ಬೆನ್ನ ಹಿಂದೆ ಕೂತರು. ಡೀಸೆಲ್ ವಾಸನೆಯಿಂದ ಅದು ದುರುಗೇಶ ಎಂದು ಗೊತ್ತಾಯಿತು.

ಮಾಲತೇಶಪ್ಪ ನೆಲ ಕೆರೆಯುತ್ತ, "ಹಂಗಾರ ಹಾಸ ಯಾರದ?" ಎಂದ, ಜಗಳಕ್ಕೆ ಕೇಳಿದಂತಲ್ಲ.

"ಈ ವರ್ಷಕ್ಕ ನಿಂದ. ಕಟ್ಟಳಿ ಹಂಗ ಐತಿ, ನಾ ಮುರಿಯಂಗಿಲ್ಲ. ಆದ್ರ ಗಳ ಎಸೆಯಾವ ಗಂಡಸ ಇರಬೇಕಂತ ಕಟ್ಟಳಿಯೊಳಗ ಎಲ್ಲೂ ಇಲ್ಲ. ಬರೂ ಬ್ಯಾಸಗಿ ಭುವನಾ ನಿನ್ನ ಎದುರಿಗೆ ನಿಂತ ಎಸೀತಾಳ. ನೀ ತಂದ ಮೀನ ದೊಡ್ಡದಿದ್ರ ಹಾಸ ನಿಂದ ಖಾಯಂ."

"ಮಾವಾರ, ನನಗ ಎಸೆಯಾಕ ಬರಂಗಿಲ್ರಿ," ಎಂದಳು ಭುವನಾ, ಸಣ್ಣ ದನಿಯಲ್ಲಿ.

"ಮಾಲತೇಶಪ್ಪಗೂ ಬರಂಗಿಲ್ಲ. ಅದಕ್ಕ ಹೆದರಬ್ಯಾಡ."

ಓಣಿ ನಕ್ಕಿತು. ಮಾಲತೇಶಪ್ಪನೂ ನಕ್ಕ, ಸ್ವಲ್ಪ ತಡವಾಗಿ.

ಮರುದಿನದಿಂದ ಗುಡದಪ್ಪನ ಮನೆಯ ಹಿಂದಿನ ಬಯಲಿನಲ್ಲಿ ಒಂದು ಬುಟ್ಟಿ ಬೋರಲು ಬಿದ್ದಿರುತ್ತಿತ್ತು. ಭುವನಾ ಗಳ ಹಿಡಿದು ನಿಲ್ಲುತ್ತಿದ್ದಳು. ಬುಟ್ಟಿಯ ಮೇಲೆ ಹುಳ ಇಳಿಸಬೇಕು. ಮೊದಲ ವಾರವೆಲ್ಲ ಹುರಿ ಆಕೆಯ ಕೊರಳಿಗೇ ಸುತ್ತಿಕೊಂಡಿತು. ಗಾಳ ಒಮ್ಮೆ ಮರಿಯವ್ವನ ಸೀರೆಗೆ ಚುಚ್ಚಿತು. ಬೆಳಗಿನ ಕೂಲಿಗೆ ಹೋಗುವವರು ಬೇಲಿಯ ಆಚೆ ನಿಂತು ನೋಡಿ, ಸೊಸೆ ನೊಣ ಹೊಡೆಯುತ್ತಾಳೆ ಎಂದು ಆಡಿಕೊಂಡರು. ದುರುಗೇಶ ಹಾವೇರಿಯಿಂದ ಹೊಸ ತಂಗೂಸಿ ದಾರದ ಉಂಡೆ ತಂದು ಅಪ್ಪನ ಪಕ್ಕದಲ್ಲಿಟ್ಟು, ಮಾತಾಡದೆ ಕೆಲಸಕ್ಕೆ ಹೋದ. ಅಪ್ಪ ಅದನ್ನು ಕೈಯಿಂದ ಸವರಿ ನೋಡಿ, ಬೇಡವೆನ್ನಲಿಲ್ಲ.

ಗುಡದಪ್ಪ ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ಹುರಿ ಗಾಳಿಯಲ್ಲಿ ಹೋಗಿ ಬರುವ ಸಪ್ಪಳ ಕೇಳುತ್ತಿದ್ದ. ಬಿರುಸಾಗಿ ಹೊಡೆದರೆ ಅದು ಚಾಟಿಯಂತೆ ಸಿಡಿಯುತ್ತದೆ. ಅಳುಕಿದರೆ ಹಿಂದೆಯೇ ಬಿದ್ದು ಹುಲ್ಲಿನ ಮೇಲೆ ತೆವಳುತ್ತದೆ. ಒಂದು ದಿನ ಮಾತ್ರ ಅದು ಒಂದು ಉದ್ದ ಉಸಿರಿನಂತೆ ಹೋಯಿತು. ಆಮೇಲೆ ಏನೂ ಕೇಳಲಿಲ್ಲ.

"ಬುಟ್ಟಿ ಮ್ಯಾಲ ಕುಂತೈತ್ರಿ ಮಾವಾರ."

ಅವನು ತಲೆದೂಗಲಿಲ್ಲ.

"ಮಾರ ಎಷ್ಟ ಇತ್ತು?"

"ಆರು."

"ನನ್ನ ಮಾರೋ, ಹೊಲದ ಮಾರೋ?"

"ನಿಮ್ಮದ್ರಿ."

"ಇನ್ನೊಮ್ಮಿ," ಎಂದ ಗುಡದಪ್ಪ, ಕಿವಿಯನ್ನು ಬುಟ್ಟಿಯ ಕಡೆ ತಿರುಗಿಸಿ.